ಹಬೆ ಸುಡುತ್ತದೆ, ಬೆವರು ತಣಿಸುತ್ತದೆ

ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ಹೊಡೆದ ಅನುಭವ ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿಯೇ ಇರುತ್ತದೆ. ಕುದಿಯುವ ನೀರಿನ ಒಂದು ಹನಿ ಸಿಡಿದರೆ ಚುರ್ ಎಂದು ಅಷ್ಟಕ್ಕೇ ನಿಲ್ಲಬಹುದು. ಹಬೆ ಹೊಡೆದರೆ ಮಾತ್ರ ಬೊಕ್ಕೆ ಏಳುತ್ತದೆ. ಎರಡರ ಉಷ್ಣತೆಯೂ ನೂರು ಡಿಗ್ರಿ ಸೆಂಟಿಗ್ರೇಡ್. ಹಾಗಾದರೆ ಹಬೆ ಇಷ್ಟು ಕ್ರೂರವೇಕೆ?

ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಏರಿಸಲು 100 ಕ್ಯಾಲರಿ ಶಾಖ ಸಾಕು. ಆಮೇಲೆ ನೀವು ಎಷ್ಟೇ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ನೂರು ದಾಟುವುದಿಲ್ಲ. ಒಲೆಯ ಶಾಖವೆಲ್ಲ ನೀರಿನ ಅಣುಗಳ ನಡುವಿನ ಸೆಳೆತವನ್ನು ಬಿಡಿಸಿ ಅವನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಇದಕ್ಕೆ ಗ್ರಾಂ ಒಂದಕ್ಕೆ ಇನ್ನೂ 540 ಕ್ಯಾಲರಿ ಬೇಕು. ಥರ್ಮಾಮೀಟರಿಗೆ ಕಾಣದ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. 1760ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ರಸಾಯನ ವಿಜ್ಞಾನಿಯಷ್ಟೇ ಅಲ್ಲ, ವೈದ್ಯನೂ ಆಗಿದ್ದ. ಆದ್ದರಿಂದ ಈ ವಿಷಯ ಆರೋಗ್ಯದ ಅಂಕಣಕ್ಕೆ ಹೊರಗಿನದೇನೂ ಅಲ್ಲ.

ಹಬೆ ಚರ್ಮಕ್ಕೆ ತಗುಲಿದೊಡನೆ ಮತ್ತೆ ನೀರಾಗುತ್ತದೆ. ಅಡಗಿಸಿಟ್ಟುಕೊಂಡಿದ್ದ 540 ಕ್ಯಾಲರಿಯನ್ನೂ ಅಲ್ಲೇ ಸುರಿಯುತ್ತದೆ. ಒಂದು ಗ್ರಾಂ ಕುದಿನೀರು ಮೈಯ ಶಾಖದ ಮಟ್ಟಕ್ಕೆ ತಣಿಯುವಾಗ ಕೊಡುವುದು ಸುಮಾರು 63 ಕ್ಯಾಲರಿ. ಅಷ್ಟೇ ತೂಕದ ಹಬೆ ಕೊಡುವುದು 600ಕ್ಕೂ ಹೆಚ್ಚು. ಕುಕ್ಕರಿನ ಒಳಗಂತೂ ಶಾಖ 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒತ್ತಡ ಪೂರ್ತಿ ಇಳಿಯುವ ಮೊದಲೇ ಮುಚ್ಚಳ ಬಿಚ್ಚಲು ಹೋಗಬೇಡಿ. ಇಡ್ಲಿ ಪಾತ್ರೆಯ ಮುಚ್ಚಳವನ್ನು ನಿಮ್ಮಿಂದ ಆಚೆ ಬದಿಗೆ ಮೊದಲು ಎತ್ತಿ, ಹಬೆ ಅತ್ತ ಹೋಗಲಿ. ನೆಗಡಿಯಾದ ಮಗುವನ್ನು ಕುದಿನೀರಿನ ಪಾತ್ರೆಯ ಮುಂದೆ ಕೂರಿಸಿ ಕಂಬಳಿ ಹೊದಿಸುವ ರೂಢಿ ಇದೆಯಲ್ಲ, ಅದನ್ನು ಬಿಟ್ಟುಬಿಡುವುದೇ ಲೇಸು. ಅದರಿಂದ ಸಿಗುವ ಉಪಶಮನ ಅಲ್ಪ, ಪಾತ್ರೆ ಮಗುಚಿದರೆ ಆಗುವ ಅನಾಹುತ ದೊಡ್ಡದು.

ಸುಟ್ಟ ಜಾಗವನ್ನು ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಳ್ಳಿ, ಹೆಚ್ಚಿನವರು ಎರಡು ನಿಮಿಷಕ್ಕೇ ಕೈ ತೆಗೆಯುತ್ತಾರೆ. ಬಳೆ, ಉಂಗುರಗಳನ್ನು ಊತ ಬರುವ ಮುನ್ನವೇ ಕಳಚಿ. ಟೂತ್‌ಪೇಸ್ಟ್, ಬೆಣ್ಣೆ, ಇಂಕು ಯಾವುದೂ ಬೇಡ. ಐಸನ್ನಂತೂ ಇಡಲೇಬಾರದು. ಮಂಜುಗಡ್ಡೆ ಕರಗಲು ಗ್ರಾಂಗೆ 80 ಕ್ಯಾಲರಿ ಶಾಖ ಬೇಕು. ಅದನ್ನು ಬೆಂದ ಚರ್ಮದಿಂದಲೇ ಎಳೆದುಕೊಳ್ಳುತ್ತದೆ, ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ, ಗಾಯ ಇನ್ನಷ್ಟು ಕೆಡಬಹುದು. ಬೊಕ್ಕೆಯನ್ನು ಒಡೆಯಬೇಡಿ. ಮುಖ, ಕೀಲು, ಗುಪ್ತಾಂಗಗಳು ಸುಟ್ಟಿದ್ದರೆ ಅಥವಾ ಸುಟ್ಟುಕೊಂಡದ್ದು ಮಗುವಾದರೆ ವೈದ್ಯರಿಗೆ ತೋರಿಸಲು ತಡ ಮಾಡಬೇಡಿ.

ಇದೇ ಗುಪ್ತೋಷ್ಣ ಬೇಸಿಗೆಯಲ್ಲಿ ನಮ್ಮನ್ನು ಕಾಯುತ್ತದೆ. ಬೆವರು ಆವಿಯಾಗಲು ಬೇಕಾದ ಶಾಖವನ್ನು ಮೈಯಿಂದಲೇ ತೆಗೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಬೀಳುತ್ತದೆ. ಆದರೆ ಆರಬೇಕು! ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣಿಯುವುದಿಲ್ಲ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರುತ್ತದೆ. ನೀರು ಕುಡಿಯಬೇಕೆಂಬುದೇ ಮರೆತುಹೋಗುವುದು ಅಲ್ಲಿಯ ಅಪಾಯ. ಮಂಗಳೂರು, ಉಡುಪಿಯಲ್ಲಿ ಉಷ್ಣತೆ ಅದಕ್ಕಿಂತ ಕಡಿಮೆಯಿದ್ದರೂ ಗಾಳಿಯಲ್ಲಿ ತೇವಾಂಶ ತುಂಬಿರುವುದರಿಂದ ಅಂಗಿ ಒದ್ದೆಯಾಗಿಯೇ ಉಳಿಯುತ್ತದೆ, ಮೈಯ ಶಾಖ ಒಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಹೂಜಿಯ ನೀರು ತಣ್ಣಗಾಗದಿರುವುದಕ್ಕೂ ಇದೇ ಕಾರಣ. ಆದ್ದರಿಂದ ಪತ್ರಿಕೆಯಲ್ಲಿ ಬರುವ ಉಷ್ಣತೆಯ ಅಂಕಿಯನ್ನು ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಸೆಕೆಯ ದಿನಗಳಲ್ಲಿ ಸಡಿಲವಾದ ಹತ್ತಿ ಬಟ್ಟೆ ತೊಡಿ, ಫ್ಯಾನಿನ ಗಾಳಿ ಮೈಮೇಲೆ ಬೀಳುವಂತೆ ಕುಳಿತುಕೊಳ್ಳಿ.

ಬಿಸಿಲಿನಲ್ಲಿ ದುಡಿಯುತ್ತಿದ್ದವರು ತಡಬಡಿಸಿ ಮಾತಾಡತೊಡಗಿದರೆ, ಗೊಂದಲಕ್ಕೊಳಗಾದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತವಿರಬಹುದು. ಆಗ ಮೈಯ ಶಾಖ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿಯೇ ಇರಬೇಕೆಂದಿಲ್ಲ, ಬೆವರುತ್ತಲೂ ಇರಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತಾ ಕೂರದೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಸುರಿದು ಜೋರಾಗಿ ಗಾಳಿ ಹಾಕಿ. ಬೆವರು ಮಾಡಲಾಗದ ಕೆಲಸವನ್ನು ಆ ನೀರು ಮಾಡುತ್ತದೆ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಸಾಮಾನ್ಯ ಜ್ವರದ ಮಾತು ಬೇರೆ. ಅಲ್ಲಿ ಐಸ್ ನೀರಿನ ಪಟ್ಟಿ ಹಾಕಿದರೆ ಮಗು ನಡುಗುತ್ತದೆ, ನಡುಕದಿಂದ ಮೈಯಲ್ಲಿ ಇನ್ನಷ್ಟು ಶಾಖ ಹುಟ್ಟುತ್ತದೆ. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡಿ, ತೆಳು ಬಟ್ಟೆ ಹಾಕಿ, ಆಗಾಗ ಕುಡಿಯಲು ಏನಾದರೂ ಕೊಡುತ್ತಿರಿ. ಮೈ ಒರೆಸುವುದಿದ್ದರೆ ನೀರು ಉಗುರುಬೆಚ್ಚಗಿರಲಿ.