ಮಿಂಚಂಚೆಯೂ ದಿನದರ್ಶಿಕೆಯೂ

ಅಮೆರಿಕದ ಎಂಜಿನಿಯರ್ ರೇ ಟಾಮ್‌ಲಿನ್‌ಸನ್ ಅವರು 1971ರಲ್ಲಿ ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸಿದರು. ಕಂಪ್ಯೂಟರುಗಳ ನಡುವಿನ ಇ-ಮೇಲ್ ಅಥವಾ ಮಿಂಚಂಚೆಯ ಆರಂಭವದು. ಹೆಸರನ್ನೂ ನೆಲೆಯನ್ನೂ ಬೇರ್ಪಡಿಸಲು ಅವರು ಆರಿಸಿದ ‘ಆ್ಯಟ್’ ಚಿಹ್ನೆಯು ಇಂದಿಗೂ ಪ್ರತಿಯೊಂದು ವಿಳಾಸದಲ್ಲಿದೆ.

ಅಂದು ಅಪರೂಪವಾಗಿದ್ದ ಇಂತಹ ಪತ್ರಗಳು ಇಂದು ಪ್ರವಾಹದಂತೆ ಬರುತ್ತಿವೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನವನ್ನು ತಿಳಿಸುವ ಪತ್ರವು ಹತ್ತಾರು ಜಾಹೀರಾತುಗಳ ಕೆಳಗೆ ಮರೆಯಾದರೆ, ಬಡ ವಿದ್ಯಾರ್ಥಿಯೊಬ್ಬನ ಓದಿಗೇ ಧಕ್ಕೆ ಒದಗಬಹುದು. ಇದಕ್ಕೆ ಕಾರಣವುಂಟು. ಅಂಚೆಪೆಟ್ಟಿಗೆಯು ಸಾಮಾನ್ಯವಾಗಿ ಪತ್ರಗಳನ್ನು ಬಂದ ಕ್ರಮದಲ್ಲಿ ಜೋಡಿಸುತ್ತದೆ. ಕೆಲಸವನ್ನು ಮುಗಿಸಬೇಕಾದ ದಿನವನ್ನು ಅದು ಗಮನಿಸದು. ಈ ಕೊರತೆಯನ್ನು ತುಂಬುವುದೇ ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ದೊರೆಯುವ ದಿನದರ್ಶಿಕೆ.

ಆದುದರಿಂದ ಪತ್ರವನ್ನು ಓದಿದೊಡನೆ ನಿರ್ಧರಿಸಬೇಕು. ಎರಡು ನಿಮಿಷದ ಉತ್ತರವಾದರೆ ಆಗಲೇ ಬರೆಯಬೇಕು, ಬೇಡವಾದುದನ್ನು ಅಳಿಸಬೇಕು, ಮುಂದೆ ಮಾಡುವ ಕೆಲಸವಾದರೆ ದಿನದರ್ಶಿಕೆಯಲ್ಲಿ ದಾಖಲಿಸಿ, ಎರಡು ದಿನ ಮೊದಲೇ ಎಚ್ಚರಿಸುವಂತೆ ಏರ್ಪಡಿಸಬೇಕು. ಕೊನೆಯ ದಿನವನ್ನು ಗುರುತಿಸಿದರೆ ಸಾಲದು. ಅರ್ಜಿಯನ್ನು ತುಂಬುವ ವೇಳೆಯನ್ನೂ ಗೊತ್ತುಪಡಿಸಬೇಕು. ದಿನಕ್ಕೆ ಎರಡು ಬಾರಿ ಮಾತ್ರ ಪೆಟ್ಟಿಗೆಯನ್ನು ತೆರೆದರೆ ಓದಿನ ಏಕಾಗ್ರತೆಯೂ ಕೆಡದು.

ಯಂತ್ರವು ನೆನಪಿಸಬಲ್ಲದು, ಯಾವುದು ಮುಖ್ಯವೆಂದು ತೀರ್ಮಾನಿಸುವ ಹೊಣೆ ನಮ್ಮದೇ.