ಕೋಷ್ಟಕದೊಳಗಿನ ಡಿಸ್ಕು

ಸರ್ವರಿನ ತೆರೆಯ ಮೇಲೆ ಒಂದು ಡಿಸ್ಕೆಂದು ಕಾಣುವುದು ನಿಜಕ್ಕೂ ಒಂದೇ ಡಿಸ್ಕಾಗಿರಬೇಕೆಂದಿಲ್ಲ. ದತ್ತಾಂಶವು 512 ಅಥವಾ 4096 ಬೈಟುಗಳ ತುಣುಕುಗಳಲ್ಲಿ, ಅಂದರೆ ಬ್ಲಾಕುಗಳಲ್ಲಿ, ಕೂತಿರುತ್ತದೆ; ಸರ್ವರು ಕೇಳುವುದು ಬ್ಲಾಕಿನ ಸಂಖ್ಯೆಯನ್ನಷ್ಟೇ. ಆ ಸಂಖ್ಯೆಗೂ ನಿಜವಾದ ಜಾಗಕ್ಕೂ ನಡುವೆ ಒಂದು ಕೋಷ್ಟಕವನ್ನಿಟ್ಟು, ಹಲವು ಡಿಸ್ಕುಗಳನ್ನು ಒಂದೇ ಭಂಡಾರವಾಗಿಸಿ, ಅದರಿಂದ ಬೇಕಾದ ಅಳತೆಯ ‘ಡಿಸ್ಕು’ಗಳನ್ನು ಹಂಚಿಕೊಡುವ ವಿಧಾನವೇ ಸ್ಟೋರೇಜ್ ವರ್ಚುವಲೈಸೇಶನ್.

ಒಂದು ದೊಡ್ಡ ದುಬಾರಿ ಡಿಸ್ಕಿಗಿಂತ ಅಗ್ಗದ ಹಲವು ಸಣ್ಣ ಡಿಸ್ಕುಗಳ ಗುಂಪೇ ಮೇಲೆಂದು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರ ಪ್ರಬಂಧದಲ್ಲಿ ವಾದಿಸಿದರು. ಅದಕ್ಕೆ ಅವರಿಟ್ಟ ಹೆಸರು ರೇಡ್. ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚುವುದರಿಂದ, ಈ ವಿಧಾನದ ಹಲವು ಬಗೆಗಳಲ್ಲಿ ಪ್ಯಾರಿಟಿಯೆಂಬ ಹೆಚ್ಚುವರಿ ಬಿಟ್ಟನ್ನು ಬರೆದಿಡಲಾಗುತ್ತದೆ. ಮೂರು ಡಿಸ್ಕುಗಳಲ್ಲಿ 1, 0, 1 ಇದ್ದರೆ, ಒಂದುಗಳ ಎಣಿಕೆ ಸಮಸಂಖ್ಯೆಯಾಗಿಯೇ ಉಳಿಯಲೆಂದು ನಾಲ್ಕನೆಯದರಲ್ಲಿ 0 ಬರೆಯುತ್ತಾರೆ. ಎರಡನೆಯ ಡಿಸ್ಕು ಕೆಟ್ಟಾಗ ಉಳಿದ 1, 1, 0ಗಳಲ್ಲಿ ಎಣಿಕೆ ಆಗಲೇ ಸಮವಾಗಿರುವುದರಿಂದ ಕಳೆದುಹೋದದ್ದು 0 ಎಂದು ತಿಳಿಯುತ್ತದೆ. ಎಷ್ಟು ಸರಳ, ಎಷ್ಟು ಸುಂದರ! ಹೀಗೆ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ ಬಳಕೆಗೆ ಸಿಗುವುದು 12 ಟೆರಾಬೈಟ್. ಆದರೆ ಇದನ್ನು ಬ್ಯಾಕಪ್ ಎಂದು ತಿಳಿಯುವುದು ದೊಡ್ಡ ತಪ್ಪು, ಏಕೆಂದರೆ ಕೈತಪ್ಪಿ ಅಳಿಸಿದ ಕಡತವನ್ನು ಪ್ಯಾರಿಟಿ ಮರಳಿಸಲಾರದು.

ಇಂಥ ಭಂಡಾರವನ್ನು ನೆಟ್‌ವರ್ಕಿನ ಮೂಲಕ ಹಂಚಲು ಯಾವ ಬಗೆಯ ಸಂಗ್ರಹ ಬೇಕೆಂಬುದು ಕಡತಗಳ ಲೆಕ್ಕವನ್ನು ಯಾರು ಇಡುತ್ತಾರೆಂಬುದನ್ನು ಅವಲಂಬಿಸಿದೆ. ನ್ಯಾಸ್ ಎಂಬ ಬಗೆಯಲ್ಲಿ ಸಂಗ್ರಹದ ಪೆಟ್ಟಿಗೆಯೇ ಆ ಲೆಕ್ಕವನ್ನಿಡುವುದರಿಂದ, ಕಚೇರಿಯ ಹಲವರು ಒಂದೇ ಫೋಲ್ಡರಿನಲ್ಲಿ ಕೆಲಸ ಮಾಡಲು ಅದು ತಕ್ಕದ್ದು. ಸ್ಯಾನ್ ಬರೀ ಬ್ಲಾಕುಗಳನ್ನು ಒದಗಿಸಿ ಲೆಕ್ಕವನ್ನು ಸರ್ವರಿಗೇ ಬಿಡುತ್ತದೆ. ದೊಡ್ಡ ಡೇಟಾಬೇಸುಗಳಿಗೆ ಇದು ಒಗ್ಗುತ್ತದೆ, ಆದರೆ ಪರಸ್ಪರ ಹೊಂದಾಣಿಕೆಯಿಲ್ಲದ ಎರಡು ಸರ್ವರುಗಳು ಒಂದೇ ವರ್ಚುವಲ್ ಡಿಸ್ಕಿಗೆ ಬರೆದರೆ ಒಂದರ ಬರಹವನ್ನು ಇನ್ನೊಂದು ಕೆಡಿಸುತ್ತದೆ. ಸ್ಯಾನಿಗೆ ಫೈಬರ್ ಚಾನೆಲ್ಲಿನ ಪ್ರತ್ಯೇಕ ಜಾಲವೇ ಬೇಕೆಂದಿಲ್ಲ, ಐಸ್ಕಸಿ ವಿಧಾನದಲ್ಲಿ ಸಾಮಾನ್ಯ ಈಥರ್ನೆಟ್ಟೂ ಸಾಕು.

ಕೋಷ್ಟಕವಿರುವುದರಿಂದಲೇ ಇಲ್ಲದ ಜಾಗವನ್ನೂ ಮುಂಗಡವಾಗಿ ಹಂಚಬಹುದು. ಭಂಡಾರದಲ್ಲಿ 4 ಟೆರಾಬೈಟ್ ಇದ್ದರೂ ಹತ್ತು ಸರ್ವರುಗಳಿಗೆ ತಲಾ 1 ಟೆರಾಬೈಟ್ ತೋರಿಸಿ, ಬರೆದಾಗಲಷ್ಟೇ ನಿಜವಾದ ಬ್ಲಾಕು ಕೊಡುವ ಇದಕ್ಕೆ ಥಿನ್ ಪ್ರಾವಿಶನಿಂಗ್ ಎನ್ನುತ್ತಾರೆ. ಭಂಡಾರ ತುಂಬಿದ ದಿನ, ತಮ್ಮ ಪಾಲಿನ ಜಾಗ ಇನ್ನೂ ಉಳಿದಿದೆಯೆಂದು ನಂಬಿದ ಸರ್ವರುಗಳ ಬರಹವೆಲ್ಲ ಒಮ್ಮೆಲೇ ನಿಲ್ಲುತ್ತದೆ. ಕೋಷ್ಟಕವನ್ನು ಒಂದಕ್ಕಿಂತ ಹೆಚ್ಚು ಕಡೆ ನಕಲು ಮಾಡಿಡುವುದಕ್ಕೂ ಕಾರಣವಿದೆ: ಅದು ಅಳಿದರೆ ಒಂದು ಬಿಟ್ಟೂ ಕೆಡದೆ ಡಿಸ್ಕುಗಳಲ್ಲಿ ಉಳಿದಿದ್ದರೂ, ಯಾವ ಬ್ಲಾಕು ಯಾರದೆಂದು ಹೇಳುವವರು ಯಾರೂ ಇರುವುದಿಲ್ಲ.