ಮಯೂರನ ಕಥೆಯೂ ಕಲ್ಲಿನ ಸಾಕ್ಷ್ಯವೂ

ಚಲಚ್ಚಿತ್ರದಲ್ಲಿ ಕಂಡುದೆಲ್ಲವೂ ನಡೆದುದೇ ಆಗಿರುವುದೋ ಎಂದು ನಮ್ಮ ಮೇಲ್ತರಗತಿಗಳ ವಿದ್ಯಾರ್ಥಿನಿಯರು ಕೇಳುವುದುಂಟು. ಇದಕ್ಕೆ ಉತ್ತರವನ್ನು ಜೊಯಿಡಾದಿಂದ ಬಹುದೂರ ಅರಸಬೇಕಾಗಿಲ್ಲ. ನಮ್ಮ ಜಿಲ್ಲೆಯ ಬನವಾಸಿಯೇ ಅದನ್ನು ಹೇಳಬಲ್ಲುದು.

ರಫಾಯೆಲ್ ಸಬಾಟಿನಿಯು 1922ರಲ್ಲಿ ‘ಕ್ಯಾಪ್ಟನ್ ಬ್ಲಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. 1685ರ ದಂಗೆಯಲ್ಲಿ ಗಾಯಗೊಂಡವನಿಗೆ ಶುಶ್ರೂಷೆ ಮಾಡಿದ ತಪ್ಪಿಗಾಗಿ ವೈದ್ಯನೊಬ್ಬನು ಗುಲಾಮನಾಗಿ ಮಾರಲ್ಪಟ್ಟು, ಕಡೆಗೆ ಕತ್ತಿಯನ್ನು ಹಿಡಿಯುತ್ತಾನೆ. 1935ರಲ್ಲಿ ಹಾಲಿವುಡ್ಡಿನವರು ಎರಾಲ್ ಫ್ಲಿನ್ನನನ್ನು ನಾಯಕನನ್ನಾಗಿಸಿ ಇದನ್ನು ಚಿತ್ರವಾಗಿ ತೆಗೆದರು. ಕಾದಂಬರಿಯ ಬಾರ್ಬಡೋಸ್ ದ್ವೀಪವು ಚಿತ್ರದಲ್ಲಿ ಜಮೈಕವಾಯಿತು.

ಕನ್ನಡದಲ್ಲಿಯೂ ಇಂತಹುದೊಂದು ಉಂಟು. ದೇವುಡು ನರಸಿಂಹ ಶಾಸ್ತ್ರಿಗಳ ‘ಮಯೂರ’ ಕಾದಂಬರಿಯು 1975ರಲ್ಲಿ ಚಿತ್ರವಾಯಿತು. ವಿಜಯ್ ಅವರು ನಿರ್ದೇಶಿಸಿದರು. ರಾಜ್‌ಕುಮಾರ್ ಅವರು ಮಯೂರನಾದರು. ಬ್ರಾಹ್ಮಣನೆಂದೇ ಬೆಳೆದ ತರುಣನು ತಾನು ಕದಂಬ ರಾಜಪುತ್ರನೆಂದು ತಿಳಿದು, ಪಲ್ಲವರಿಂದ ರಾಜ್ಯವನ್ನು ಮರಳಿ ಪಡೆಯುವುದು ಚಿತ್ರದ ಕಥೆ.

ಆದರೆ ತಾಳಗುಂದದ ಕಂಬವು ಬೇರೆಯ ಮಾತನ್ನಾಡುತ್ತದೆ. ಮಯೂರಶರ್ಮನ ಕಾಲದಿಂದ ಸುಮಾರು ನೂರು ವರ್ಷಗಳ ಅನಂತರ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವದು. ಮಯೂರಶರ್ಮನು ವೇದಾಧ್ಯಯನಪರವಾದ ಮನೆತನದವನು. ಮನೆಯ ಬಳಿಯ ಕದಂಬ ವೃಕ್ಷದಿಂದ ವಂಶಕ್ಕೆ ಆ ಹೆಸರು. ಗುರು ವೀರಶರ್ಮನೊಡನೆ ವಿದ್ಯಾರ್ಥಿಯಾಗಿ ಕಂಚಿಯ ಘಟಿಕೆಗೆ ಹೋದಾಗ ಪಲ್ಲವರ ರಾವುತನೊಡನೆ ಕಲಹವಾಯಿತು. ಅವಮಾನಿತನಾದ ಆತನು ದರ್ಭೆ ಹಿಡಿದಿದ್ದ ಕೈಯಲ್ಲಿ ಖಡ್ಗವನ್ನೆತ್ತಿದನು. ಶ್ರೀಪರ್ವತದ ಕಾಡುಗಳನ್ನು ಸೇರಿ ಪಲ್ಲವರನ್ನು ಪೀಡಿಸಿದನು. ಕೊನೆಗೆ ಅವರೇ ಆತನ ಅಧಿಕಾರವನ್ನು ಮನ್ನಿಸಬೇಕಾಯಿತು.

ಈ ಶಾಸನವನ್ನೂ ನಾವು ವಿವೇಚಿಸಿಯೇ ಓದತಕ್ಕುದು. ಅದು ಕದಂಬರ ಕೀರ್ತಿಗಾಗಿ ಕೆತ್ತಿಸಿದುದು. ರಾವುತನ ಪಕ್ಷದ ಮಾತು ಅದರಲ್ಲಿಲ್ಲ. ಆದರೂ ಚಿತ್ರವು ಮರೆಯಿಸಿದ ಒಂದು ಸಂಗತಿಯನ್ನು ಅದು ಉಳಿಸಿಕೊಟ್ಟಿದೆ. ಚಿತ್ರದ ಮಯೂರನಿಗೆ ಸಿಂಹಾಸನವು ಹುಟ್ಟಿನಿಂದ ಬಂದ ಸ್ವತ್ತು. ಶಾಸನದ ಮಯೂರನು ಅರಸನಾಗಿ ಹುಟ್ಟಿದವನಲ್ಲ, ಓದಲೆಂದು ಹೊರಟ ಹುಡುಗನು.

ಕಥೆಗಾರರಿಗೆ ಕಳೆದುಹೋದ ರಾಜಪುತ್ರನು ಬಹು ಪ್ರಿಯ, ಅದು ಸಹಜವೇ. ನಮ್ಮ ಬಾಲಿಕೆಯರು ಚಿತ್ರವನ್ನು ನೋಡಿ ಸಂತೋಷಪಡಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಅನಂತರ ತಾಳಗುಂದಕ್ಕೂ ಹೋಗಿ ಆ ಕಲ್ಲಿನ ಮುಂದೆ ನಿಲ್ಲಲಿ. ಕಾಡಿನ ನಡುವಣ ಚಿಕ್ಕ ಮನೆಗಳಿಂದ ಪುಸ್ತಕಗಳನ್ನು ಹೊತ್ತು ಶಾಲೆಗೆ ಬರುವವರಿಗೆ, ಗುಪ್ತ ರಾಜಕುಮಾರನ ಕಥೆಗಿಂತ ಈ ವಿದ್ಯಾರ್ಥಿಯ ಕಥೆಯೇ ಹೆಚ್ಚು ಹತ್ತಿರದ್ದೆಂದು ನಾವು ನಂಬುತ್ತೇವೆ.